ಕೊಕ್ಕನೂರು ಬಾವಿಯ ಸಿಗ್ನಲ್

ಡಿಜಿಪೀಟರ್ ಪೆಟ್ಟಿಗೆ ಕೆಟ್ಟಿದೆ, ಹಳೇ ಸಿಗ್ನಲ್ಲನ್ನೇ ದಿನಾ ಒದರುತ್ತಿದೆ... ಹರಿಹರ ಸೀಮೆಯ ಹವ್ಯಾಸಿ ರೇಡಿಯೊದವರೆಲ್ಲ ಆಗ ನಂಬಿದ್ದು ಇದನ್ನೇ. ಆನೆಕೊಂಡದ ಅಂಜನಕುಮಾರನೂ ನಂಬಿದ್ದ. ಫಿಸಿಕ್ಸ್ ಪಾಠ ಮಾಡುವವನು ಇನ್ನೇನು ನಂಬಿಯಾನು?

ಕೊಕ್ಕನೂರಿನ ಅವನ ಭಾವ ಮಾಲತೇಶಪ್ಪ ಕಾಣೆಯಾಗಿ ಹನ್ನೊಂದು ದಿನ. ಸ್ಕೂಟರ್ ನೀರಿನ ಚಾನಲ್ಲಿನ ಏರಿ ಮೇಲೆ ಸಿಕ್ಕಿತು. ಆಳು ಸಿಗಲಿಲ್ಲ. ಅವನೂ ಹವ್ಯಾಸಿ ರೇಡಿಯೊದವನೇ; ಅವನ ಜೇಬಿನಲ್ಲಿದ್ದ ರೇಡಿಯೊ ಟ್ರ್ಯಾಕರ್ ಮಾತ್ರ ದಿನಾ ರಾತ್ರಿ ಎಂಟೂ ಹತ್ತಕ್ಕೆ ತಾನಿರುವ ಜಾಗ ಹೇಳುತ್ತಿತ್ತು: ಊರ ಹೊರಗಿನ ಆಲದ ಮರದ ಬಾವಿ. ಪೊಲೀಸರು ಇಳಿದು ನೋಡಿದ್ದರು. ನೀರೂ ಇಲ್ಲ, ಮಾಲತೇಶಪ್ಪನೂ ಇಲ್ಲ. ಟ್ರ್ಯಾಕರಿನ ಬ್ಯಾಟರಿಯೋ, ಒಂದು ದಿನದ್ದು.

ಟ್ರ್ಯಾಕರಿನ ದನಿ ದೂರ ಹೋಗದು. ಎತ್ತರದಲ್ಲಿರುವ ಡಿಜಿಪೀಟರ್ ಅದನ್ನು ಕೇಳಿ ಮತ್ತೆ ಕೂಗುತ್ತದೆ. ಅದನ್ನು ಕೇಳಿ ಇನ್ನೊಂದು; ಕೊನೆಗೆ ಅದು ಫೋನಿನ ನಕ್ಷೆಯಲ್ಲೂ ಚುಕ್ಕಿಯಾಗಿ ಬೀಳುತ್ತದೆ. ಎಷ್ಟು ಸಲ ಕೂಗಬೇಕೆಂಬ ಅಂಕಿಯನ್ನು ಟ್ರ್ಯಾಕರಿನಲ್ಲೇ ಬರೆದಿಡಬೇಕು. ಅದೇ ಪಾಥ್. ಎರಡು ಸಾಕು. ಮಾಲತೇಶಪ್ಪ ಏಳು ಬರೆದಿದ್ದ. "ಹೆಚ್ಚು ಊರು ಸುತ್ತಿದ್ರೆ ಹೆಚ್ಚು ಜನ ಕೇಳ್ತಾರ್ರಿ" ಎಂಬ ವಾದ. ಒಂದೇ ಸಿಗ್ನಲ್ ಏಳೇಳು ಸಲ ಕೂಗುವ ಗದ್ದಲ ತಾಳದೆ ಎಲ್ಲರೂ ಬೈದರು.

"ಭಾವಾ, ಎರಡು ಮಾಡ್ರಿ ಅತ್ಲಾಗೆ" ಎಂದು ಅಂಜನಕುಮಾರನೂ ಫೋನಿನಲ್ಲಿ ರೇಗಿದ್ದ.

"ನಾಳೆ ಮಾಡ್ತೀನಿ ಬಿಡಪಾ."

ನಾಳೆ ಅವನೇ ಇರಲಿಲ್ಲ. ಹನ್ನೊಂದೂ ರಾತ್ರಿಗಳ ಸಿಗ್ನಲ್ಲಿನಲ್ಲಿ ಅದೇ ಏಳು. ಹಳೇದು ಎನ್ನಲು ಇನ್ನೇನು ಬೇಕು?

ಅಕ್ಕ ಸುನೀತಾ ಮಾತ್ರ ಫೋನಿನ ನಕ್ಷೆಯಲ್ಲಿ ಆ ಚುಕ್ಕಿ ಕಂಡ ಮೇಲೇ ಎರಡು ತುತ್ತು ಉಣ್ಣುತ್ತಿದ್ದಳು.

"ಡಿಜಿಪೀಟರ್ ಆರಿಸ್ತೀವಕ್ಕ."

"ಬ್ಯಾಡ ತಮ್ಮಾ... ಅದೊಂದಾರ ಬರ್ಲಿ."

"ಅದು ಭಾವ ಅಲ್ಲ. ಕೆಟ್ಟ ಪೆಟ್ಟಿಗೆ."

"ನಾವು ತಿರುಗಿ ಕೂಗಿದ್ರೆ ಅವ್ರಿಗೆ ಕೇಳಲ್ಲೇನು?"

"ಟ್ರ್ಯಾಕರಿಗೆ ಬಾಯಿ ಐತೆ, ಕಿವಿ ಇಲ್ಲಕ್ಕ."

ಹನ್ನೆರಡನೇ ರಾತ್ರಿ ಅಂಜನಕುಮಾರ ಬಸ್ಸಿಳಿದು ಅಕ್ಕನ ಮನೆಗೆ ನಡೆದು ಹೊರಟಿದ್ದ. ಬಾವಿಯ ಹತ್ತಿರ ಬಂದಾಗ ಭಾನುವಳ್ಳಿಯಿಂದ ಬಕ್ಕೇಶಪ್ಪನ ಫೋನು. ಕೊಕ್ಕನೂರಿನ ಸಿಗ್ನಲ್ಲನ್ನು ಮೊದಲು ಕೇಳುವ, ಅಲ್ಲಿನ ನೀರಿನ ಟ್ಯಾಂಕಿನ ಮೇಲಿನ ಡಿಜಿಪೀಟರನ್ನು ನೋಡಿಕೊಳ್ಳುವವನು ಅವನೇ.

"ವೈರ್ ಕಿತ್ತು ಕೈಯಾಗೆ ಹಿಡ್ದೀನಿ. ಈಗ ನಿಮ್ಮ ಭಾವ ಹೆಂಗ್ ಬರ್ತಾರೋ ನೋಡ್ರಿ!"

ಎಂಟೂ ಹತ್ತು. ಆಲದ ಬಿಳಲು ಬಾವಿಕಟ್ಟೆಗೆ ಉಜ್ಜುತ್ತಿತ್ತು... ಸರಕ್. ಸರಕ್. ಆಮೇಲೆ ಅದೂ ನಿಂತಿತು.

ಕೈಯಲ್ಲಿದ್ದ ರೇಡಿಯೊ ಚರ್ರ್ ಎಂದಿತು. ಕಾದ ಎಣ್ಣೆಗೆ ಸಾಸಿವೆ ಬಿದ್ದಷ್ಟೇ ಹೊತ್ತು.

ಪರದೆಯ ಮೇಲೆ ಭಾವನ ಹೆಸರು. ದೂರ: ಸೊನ್ನೆ. ನಡುವೆ ಯಾವ ಡಿಜಿಪೀಟರೂ ಇಲ್ಲ.

ಬಾವಿಗೆ ಟಾರ್ಚ್ ಬಿಟ್ಟ. ಪ್ಲಾಸ್ಟಿಕ್ ಚೀಲ, ಒಡೆದ ಕೊಡ.

"ಭಾವಾ..."

ಪಿಸುದನಿ. ಪ್ರಯೋಜನವಿಲ್ಲವೆಂದು ಗೊತ್ತಿತ್ತು. ಆದರೂ ಮೂರು ಸಲ ಕರೆದ.

ಫೋನು ಬಡಿದುಕೊಂಡಿತು. ಅಕ್ಕ.

"ಇವತ್ತು ಚುಕ್ಕಿ ಬರ್ಲಿಲ್ಲ ತಮ್ಮಾ..."

"ಹ್ಞೂಂ" ಎಂದ.

ನಂಬಿ, ಬಿಡಿ; ನಡೆದದ್ದಂತೂ ನಡೆದಿದೆ. ಆನೆಕೊಂಡಕ್ಕೆ ಹೋದರೆ ಅವನು ರೇಡಿಯೊ ತೋರಿಸುತ್ತಾನೆ, ಅಳಿಸಿಲ್ಲ. ಬರೆದಿಟ್ಟ ಪಾಥನ್ನು ದಾರಿಯ ಯಾವ ಪೆಟ್ಟಿಗೆಯೂ ತಿದ್ದಲಾರದು. ಟ್ರ್ಯಾಕರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಯಾರಾದರೂ ಕೂತು ತಿದ್ದಬೇಕು.

ಆ ರಾತ್ರಿಯ ಸಿಗ್ನಲ್ಲಿನಲ್ಲಿ ಏಳು ಇರಲಿಲ್ಲ. ಎರಡು ಇತ್ತು.