ಬೆನೆದೀತಾಳ ಮಣಿಸರ

ದ್ರಾಕ್ಷಿ ಕೊಯ್ಲಿನ ಕಾಲ, ಬೆಳಗಿನ ಎಂಟು ಗಂಟೆ. ವಿಯಾನಾ ಪಟ್ಟಣಕ್ಕೆ ಹೋಗುವ ಬಸ್ಸಿಗಾಗಿ ನಿಂತಿದ್ದ ಅಮೇಲಿಯಾ ಅಜ್ಜಿಯ ಕಿವಿಗೆ, ಪ್ರತಿ ಗುರುವಾರ ಜೊತೆಯಾಗಿ ಪಟ್ಟಣಕ್ಕೆ ಹೋಗುವ ಅಕ್ಕತಂಗಿಯರಾದ ಬೆನೆದೀತಾ, ಗ್ರಾಸಾ ಮುಂದೆ ನಿಂತು ಆಡಿದ ಮಾತು ಬೇಡವೆಂದರೂ ಬಿತ್ತು.

"ನಾನು ಹುಟ್ಟಿದಾಗಿಂದ ಅವ್ವ ವರ್ಷಕ್ಕೊಂದು ಚಿನ್ನದ ಮಣಿ ಪೋಣಿಸಿದ್ದು ನನ್ನ ಮದುವೆಗೆ ಕಣೇ. ಆ ಸರಾನೇ ಕರಗಿಸಿಬಿಟ್ಯಾ?"

"ನನ್ನ ಮಗಳ ಮದುವೆಗೆ ಓಲೆ ಮಾಡಿಸ್ದೆ. ನಲವತ್ತೆಂಟಾಯ್ತಲ್ಲಕ್ಕ, ಇನ್ನೆಲ್ಲಿ ನಿನ್ನ ಮದುವೆ?"

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಅವ್ವನೇ ತೆಗೆದುಕೊಟ್ಲು. ಅವಳಿಗಿನ್ಯಾಕೆ ಅಂದ್ಲು."

ಬೆನೆದೀತಾ ತಂಗಿಯ ಕಡೆ ತಿರುಗಿದಳು.

"ಅವ್ವನೇ ಹಾಗಂದ್ಲಾ?"

"ಹೂಂ."

"ಈ ಭಾನುವಾರ ಚರ್ಚಲ್ಲಿ ಪಾದ್ರಿಗಳು ನನ್ನ ಮದುವೆ ಗೊತ್ತಾಗಿದೆ ಅಂತ ಎಲ್ಲರ ಮುಂದೆ ಸಾರ್ತಾರೆ. ಬಡಗಿ ಅನ್ಸೆಲ್ಮು ಜೊತೆ. ಮೊದಲು ಅವ್ವನ ಕಿವಿಗೆ ಹಾಕ್ಬೇಕು ಅಂತಿದ್ದೆ."

"ಅಯ್ಯೋ ಅಕ್ಕ! ನಡಿಯೇ, ಈಗ್ಲೇ ಮನೆಗೆ ಹೋಗಿ ಹೇಳೋಣ."

"ಬೇಡ. ನೀವಿಬ್ರೂ ಊರವರ ಜೊತೆ ಕೂತೇ ಕೇಳಿ."

ಬಸ್ಸು ಬಂತು. ಆ ಗುರುವಾರ ಬೆನೆದೀತಾ ತಂಗಿಯನ್ನು ಅಲ್ಲೇ ಬಿಟ್ಟು ಹತ್ತಿದಳು, ಅವಳ ಹಿಂದೆ ಅಜ್ಜಿಯೂ.