ಕೇಳದೆ ಕಂಬ ಹತ್ತಿದನಂತೆ

ಕಾರ್ಯದರ್ಶಿಗಳು ಈಗ ಅರ್ಧ ತಾಸು ಒಗ್ಗಟ್ಟಿನ ಬಗ್ಗೆ ಮಾತಾಡಿದರು. ಚೆನ್ನಾಗಿ ಮಾತಾಡಿದರು, ನೀವೂ ಚಪ್ಪಾಳೆ ಹೊಡೆದಿರಿ. ಸರ್ಕಾರಿ ನೌಕರರ ಸಂಘದ ವಾರ್ಷಿಕೋತ್ಸವಕ್ಕೆ ನಮ್ಮಂಥ ಸ್ವಾಮಿಗಳನ್ನು ಕರೆಯುವುದು ಆಶೀರ್ವಾದಕ್ಕೆ, ನನಗೆ ಗೊತ್ತು. ಆಶೀರ್ವಾದ ಆಮೇಲೆ. ಮೊದಲು ಒಂದು ಕಥೆ ಕೇಳಿ.

ಯಾವುದೋ ಒಂದು ಊರು ಅಂತಿಟ್ಟುಕೊಳ್ಳಿ. ಅಲ್ಲಿ ವಿದ್ಯುತ್ ನೌಕರರದೊಂದು ಸಂಘ. ಅದಕ್ಕೊಬ್ಬ ಅಧ್ಯಕ್ಷ. ನೋಡಿ, ಅವನೇನೂ ದುಷ್ಟನಲ್ಲ. ಹನ್ನೊಂದು ವರ್ಷದಿಂದ ಒಂದೇ ಬೇಡಿಕೆ ಹಿಡಿದು ಸಾಹೇಬರ ಬಾಗಿಲಿಗೆ ಅಲೆದಿದ್ದ. "ಸ್ಟೇಷನ್‌ದಾಗ ಒಂದ್ ಪಾಳಿಗೆ ಇಬ್ರು ಆಪರೇಟರ್ ಬೇಕ್ರೀ ಸಾಹೇಬ್ರ. ಒಬ್ಬಾಂವ ಎಷ್ಟಂತ ನೋಡ್ತಾನ?" ನ್ಯಾಯವಾದ ಬೇಡಿಕೆ. ಯಾಕೆ ಅಂತ ಹೇಳುತ್ತೇನೆ.

ಕಂಬ ಹತ್ತುವ ಮೊದಲು ಲೈನ್‌ಮನ್, ಆ ಲೈನಿಗೆ ಕರೆಂಟ್ ಬಿಡುವ ಸ್ಟೇಷನ್ನಿಗೆ ಫೋನ್ ಮಾಡುತ್ತಾನೆ. ಅಲ್ಲಿರುವ ಆಪರೇಟರ್ ಆ ಲೈನಿನ ಕರೆಂಟ್ ತೆಗೆದು, ಪುಸ್ತಕದಲ್ಲಿ ಬರೆದುಕೊಂಡು, "ಹತ್ತು" ಎನ್ನುತ್ತಾನೆ. ಇದಕ್ಕೆ ಅವರು 'ಲೈನ್ ಕ್ಲಿಯರ್' ಎನ್ನುತ್ತಾರೆ. ಕೆಲಸ ಮುಗಿಸಿ ಇಳಿದವನು "ನಂದು ವಾಪಸ್" ಎಂದ ಮೇಲೆಯೇ ಮತ್ತೆ ಕರೆಂಟ್. ಕಂಬದ ಮೇಲಿನವನ ಪ್ರಾಣ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ. ಮನೆಯಲ್ಲಿ ಫ್ಯಾನ್ ನಿಂತ ಕೂಡಲೇ ಬೈಯುತ್ತೀರಲ್ಲ, ಆಗ ಎಲ್ಲೋ ಒಬ್ಬ ಮೇಲೆ ಹತ್ತಿರುತ್ತಾನೆ.

ಒಂದು ದಿನ ಏನಾಯಿತು? ಒಂದೇ ಲೈನಿನಲ್ಲಿ ಎರಡು ಕಡೆ ಕೆಲಸ. ಇಬ್ಬರು ಲೈನ್‌ಮನ್‌ಗಳು ಬೇರೆ ಬೇರೆ ಫೋನ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಂಡರು. ಸ್ಟೇಷನ್ನಿನಲ್ಲಿ ಒಬ್ಬನೇ ಆಪರೇಟರ್. ಪಾಳಿ ಬದಲಿಸುವವನು ಬಂದಿರಲಿಲ್ಲ, ಹದಿನಾರು ತಾಸಿನಿಂದ ಇವನೇ ಕೂತಿದ್ದ. ಮೊದಲನೆಯವನದನ್ನು ಬರೆದುಕೊಂಡ. ಎರಡನೆಯವನಿಗೆ "ಹೂಂ, ಹತ್ತು" ಎಂದ; ಬರೆಯುವಷ್ಟರಲ್ಲಿ ಇನ್ನೊಂದು ಫೋನ್ ಬಡಕೊಂಡಿತು. ಬರೆಯಲಿಲ್ಲ. ಮಧ್ಯಾಹ್ನ ಮೊದಲನೆಯವನು "ನಂದು ವಾಪಸ್ ರೀ" ಎಂದ. ಇವನು ಪುಸ್ತಕ ನೋಡಿದ. ಒಂದೇ ಹೆಸರಿತ್ತು. ಕರೆಂಟ್ ಕೊಟ್ಟ.

ಎರಡನೆಯವನು ಇನ್ನೂ ಮೇಲಿದ್ದ. ಈ ಕಥೆಯಲ್ಲಿ ಬೇರೆ ಯಾರ ಹೆಸರೂ ಬೇಡ, ಅವನ ಹೆಸರು ಮಾತ್ರ ಹೇಳುತ್ತೇನೆ. ಫಕ್ಕೀರಪ್ಪ. ಕೆಳಗೆ ಹಗ್ಗ ಹಿಡಿದು ನಿಂತಿದ್ದ ಜೊತೆಗಾರನ ಕಣ್ಣೆದುರಿಗೇ ಸತ್ತ.

ಮರುದಿನ ವಿಚಾರಣೆ. ಆಪರೇಟರ್ ಅಧ್ಯಕ್ಷನ ಕಾಲು ಹಿಡಿದು ಅತ್ತ. "ನನ್ನ ನೌಕರಿ ಹೋಗತೈತಣ್ಣಾ, ಜೇಲಿಗೆ ಹಾಕ್ತಾರ." ಅಧ್ಯಕ್ಷ ಅವನನ್ನು ಹಿಡಿದೆತ್ತಿ ಕೂರಿಸಿದ. ಕಂಬದ ಕೆಳಗೆ ನಿಂತಿದ್ದ ಜೊತೆಗಾರನನ್ನು ಬದಿಗೆ ಕರೆದ.

"ಅಂವ ಫೋನ್ ಮಾಡಿದ್ದನ್ನ ನೀ ಕೇಳೀಯೇನು?"

"ಕೇಳೇನ್ರೀ. ಬಾಜೂಕ ನಿಂತಿದ್ದೆ. ಆ ಕಡಿಂದ 'ಹತ್ತು' ಅಂದದ್ದೂ ಕೇಳಿಸಿತ್ರೀ."

"ಕೇಳಿಲ್ಲ ಅಂತ ಹೇಳು. ಹೋದಾಂವ ಹೋದ, ಇದ್ದಾಂವನ್ನರ ಉಳಿಸೂಣು. ಸಂಘ ಅಂದ್ರ ಏನ್ ಮತ್ತ?"

ಜೊತೆಗಾರ ವಿಚಾರಣೆಯಲ್ಲಿ ಹಾಗೇ ಹೇಳಿದ. ಸಹಿ ಹಾಕಿದ. ಹೇಳಿಕೆಯಲ್ಲಿ ಏನು ಬರೆದರು ಗೊತ್ತೇ? 'ಮೃತ ನೌಕರನು ಲೈನ್ ಕ್ಲಿಯರ್ ಪಡೆಯದೆ ಕಂಬ ಹತ್ತಿರುತ್ತಾನೆ.' ಒಂದೇ ಸಾಲು. ಕೆಳಗೆ ಸಂಘದ ಮೊಹರು.

ಫಕ್ಕೀರಪ್ಪನ ಹೆಂಡತಿ ಸಂಘದ ಕಚೇರಿಗೆ ಬಂದಳು. "ಅಣ್ಣಾರ, ನಾ ಏನೂ ಬೇಡಾಕ ಬಂದಿಲ್ಲ. ನನ್ನ ಗಂಡ ಇಪ್ಪತ್ತೆರಡು ವರ್ಷದಾಗ ಒಮ್ಮೆರ ಕೇಳಲಾರದ ಕಂಬಕ್ಕ ಕೈ ಹಚ್ಚಿದಾಂವಲ್ಲ. ಓಣ್ಯಾಗ ಮಂದಿ, ತನ್ನ ತಪ್ಪಿಗೆ ತಾನ ಸತ್ತ ಅಂತಾರ. ಅಂವ ಕೇಳಿದ್ದ ಅಂತ ಒಂದ್ ಸಾಲು ಬರದ್ ಕೊಡ್ರಿ, ಸಾಕು."

ಒಂದು ಸಾಲು! ಅವಳು ಕೇಳಿದ್ದು ಅಷ್ಟೇ. ಅಧ್ಯಕ್ಷ ಏನೆಂದ? "ಸಂಘ ನಿಮ್ಮ ಜೋಡಿ ಐತವ್ವಾ." ಥೂ! ಈ ಮಾತನ್ನು ಹೇಳುವುದಕ್ಕೆ ನನಗೇ ನಾಚಿಕೆಯಾಗುತ್ತದೆ.

ಮೂರು ತಿಂಗಳು ಕಳೆಯಿತು. ಅಧ್ಯಕ್ಷ ಮತ್ತೆ ಅದೇ ಬೇಡಿಕೆ ಹಿಡಿದು ಸಾಹೇಬರ ಮುಂದೆ ನಿಂತ. ಈ ಸಲ ದನಿ ಗಟ್ಟಿಯಿತ್ತು. "ಒಬ್ಬನ ಆಪರೇಟರ್ ಇದ್ದದ್ದಕ್ಕ ನಮ್ಮ ಮನುಷ್ಯಾ ಸತ್ತಾನ್ರೀ. ಈಗರ ಇನ್ನೊಬ್ಬನ್ನ ಕೊಡ್ರಿ."

ಸಾಹೇಬರು ಫೈಲು ತೆಗೆದು ಮುಂದಿಟ್ಟರು. "ಇದು ನಿಮ್ಮ ಸಂಘದ ಮೊಹರು ಹೌದಲ್ರೀ? ಸತ್ತಾಂವನ ಕೇಳಲಾರದ ಕಂಬ ಹತ್ಯಾನ ಅಂತ ನೀವ ಬರದೀರಿ, ಅಂದ್ರ ಆಪರೇಟರ್‌ದು ಏನೂ ತಪ್ಪಿಲ್ಲ. ಒಬ್ಬಾಂವ ಇಷ್ಟ ಚಲೋ ನೋಡ್ಕೊಂಡ ಹೊಂಟಾನಂದ್ರ ಇನ್ನೊಬ್ಬ ಯಾಕ ಬೇಕು?"

ಏನು ಹೇಳುತ್ತಾನೆ? ನಿಜ ಹೇಳಿದರೆ ಸುಳ್ಳು ಸಹಿ ಹೊರಗೆ ಬರುತ್ತದೆ. ಸುಮ್ಮನಿದ್ದರೆ ಬೇಡಿಕೆ ಸಾಯುತ್ತದೆ. ಕೈಮುಗಿದು ಹೊರಗೆ ಬಂದ. ಹನ್ನೊಂದು ವರ್ಷ ಹೊತ್ತುಕೊಂಡು ತಿರುಗಿದ ಬೇಡಿಕೆಯನ್ನು ತನ್ನ ಕೈಯಾರೆ ಕೊಂದಿದ್ದ. ಆ ಸ್ಟೇಷನ್ನಿನಲ್ಲಿ ಇವತ್ತಿಗೂ ಒಬ್ಬನೇ. ಎರಡು ವರ್ಷದಲ್ಲಿ ಕಂಬದ ಮೇಲೆ ಇನ್ನಿಬ್ಬರು ಹೋದರು. ಅವರ ಹೇಳಿಕೆಯಲ್ಲೂ ಅದೇ ಸಾಲು, ಹೆಸರು ಮಾತ್ರ ಬೇರೆ.

ಕರೆಂಟಿನವರ ಕಥೆ, ನಮಗೇನು ಅಂತೀರಾ? ನೀವು ಆಸ್ಪತ್ರೆಯಲ್ಲಿದ್ದೀರಿ, ನೀರು ಬಿಡುವಲ್ಲಿದ್ದೀರಿ, ಬಸ್ ಡಿಪೋದಲ್ಲಿದ್ದೀರಿ. ಜೊತೆಗಾರನ ಕೈಯಿಂದ ತಪ್ಪಾದಾಗ ನೀವೇನು ಬರೆಯುತ್ತೀರಿ? ಸತ್ತವನು ಎದ್ದು ಬಂದು ಮಾತಾಡುವುದಿಲ್ಲ ಅಂತ ಅವನ ತಲೆಗೇ ಕಟ್ಟುತ್ತೀರೋ ಇಲ್ಲವೋ? ಎದೆ ಮುಟ್ಟಿಕೊಂಡು ಹೇಳಿ. ತಪ್ಪಿದವನನ್ನು ಉಳಿಸಬೇಡಿ ಎಂದು ನಾನು ಹೇಳುತ್ತಿಲ್ಲ. 'ಹದಿನಾರು ತಾಸು ಒಬ್ಬನೇ ಕೂತಿದ್ದ, ಅದಕ್ಕೇ ಮರೆತ' ಎಂದು ಬರೆದಿದ್ದರೆ ಸಾಕಿತ್ತು. ಅದು ನಿಜವೇ ಆಗಿತ್ತು. ಆ ನಿಜ ಆಪರೇಟರನ ಪರವಾಗಿಯೂ ಮಾತಾಡುತ್ತಿತ್ತು, ಫಕ್ಕೀರಪ್ಪನ ಪರವಾಗಿಯೂ ಮಾತಾಡುತ್ತಿತ್ತು. ಸಾಹೇಬರ ಬಾಯಿಯನ್ನೂ ಮುಚ್ಚಿಸುತ್ತಿತ್ತು.

ಇನ್ನು ಸ್ವಲ್ಪ ಹೊತ್ತಿಗೆ ನೀವು ಈ ವರ್ಷದ ಬೇಡಿಕೆ ಓದುತ್ತೀರಿ. ಓದಿ. ಆದರೆ ನಾಳೆ ಕಚೇರಿ ತೆರೆದ ಕೂಡಲೇ, ಸತ್ತ ಜೊತೆಗಾರರ ಬಗ್ಗೆ ನೀವು ಸಹಿ ಹಾಕಿದ ಹೇಳಿಕೆಗಳನ್ನು ತೆಗೆಯಿರಿ. ಸುಳ್ಳಿದ್ದರೆ ನಿಜ ಏನೆಂದು ಬರೆದು, ಮತ್ತೆ ಸಹಿ ಮಾಡಿ ಕೊಡಿ. ಆಮೇಲೆ ಆ ಮನೆಗೆ ನಡೆದು ಹೋಗಿ, ಆ ಹೆಣ್ಣುಮಗಳ ಎದುರಿಗೆ ನಿಮ್ಮ ಬಾಯಿಂದಲೇ ಹೇಳಿ. ಬೈದರೆ ಬೈಸಿಕೊಳ್ಳಿ.

ಅಷ್ಟು ಧೈರ್ಯ ಇಲ್ಲದವರು ಇವತ್ತು ನನ್ನ ಕಾಲು ಮುಟ್ಟಲು ಬರಬೇಡಿ.