ತುತ್ತೂರಿಯ ಎಂಜಲು

...ಅದನ್ನೂ ತಗೊಂಡು ಹೋಗು ಪುಟ್ಟಿ, ಆ ಮೂಲೇಲಿರೋ ದೊಡ್ಡ ಹೊಟ್ಟೆ ತುತ್ತೂರೀನೂ! ಒಂದೂ ಉಳೀಬಾರದು. ಮ್ಯೂಸಿಯಂ ಗಾಡಿ ಗೇಟಿನ ಹತ್ತಿರ ನಿಂತಿದೆ, ನೀನು ನೋಡಿದ್ರೆ ಒಂದೊಂದನ್ನೂ ಕೂಸು ಎತ್ತಿಕೊಂಡ ಹಾಗೆ...

ಥೂ, ನನ್ನ ಮೂಗಿನ ಹತ್ತಿರ ತರಬೇಡ! ಕಿಲುಬು ನಾರುತ್ತೆ. ಕಿಲುಬು, ಹಳೇ ಎಣ್ಣೆ, ಯಾರದೋ ಬಾಯಿ... ಅಲ್ವೇ ಮತ್ತೆ? ನೂರೈವತ್ತು ವರ್ಷದ ಹಿಂದೆ ಯಾವನೋ ಬ್ಯಾಂಡಿನವನು, ಹಲ್ಲುಜ್ಜಿದ್ದನೋ ಇಲ್ವೋ, ಮೆರವಣಿಗೆ ಪೂರ್ತಿ ಇದರೊಳಗೆ ಉಗುಳಿರ್ತಾನೆ. ಅದನ್ನ ನಿಮ್ಮಣ್ಣ ಊರೂರು ಹುಡುಕಿ ಮನೆಗೆ ತಂದ್ರು. ಬೇರೆ ಗಂಡಸರು ಅಂಚೆಚೀಟಿ ಕೂಡಿಡ್ತಾರೆ. ಅದೂ ಎಂಜಲೇ ಅನ್ನು, ಆದ್ರೆ ಇಷ್ಟೇ ಇಷ್ಟು... ನಗ್ತೀಯಾ? ನಗು, ನಗು. ಒರೆಸಿದೋಳು ನಿನ್ನ ಅತ್ತಿಗೆ ತಾನೇ.

ಒರೆಸೋದು ಅಂದ್ರೆ, ಕೈಗವಸು ಹಾಕ್ಕೊಂಡು! ‘ನಿನ್ನ ಬೆವರು ಹಿತ್ತಾಳೇನ ತಿಂದುಬಿಡುತ್ತೆ’ ಅಂತಿದ್ರು. ನನ್ನ ಬೆವರು! ಒಂದು ಸಲ ನಿಂಬೆಹಣ್ಣು ಹಾಕಿ ತಿಕ್ಕಿಬಿಟ್ಟೆ, ಬಂಗಾರದ ಹಾಗೆ ಹೊಳೀತು. ಆ ಮನುಷ್ಯ ಊಟಕ್ಕೇ ಬರಲಿಲ್ಲ. ‘ಅದರ ವಯಸ್ಸೆಲ್ಲ ತೊಳೆದುಬಿಟ್ಟೆ’ ಅಂತ. ವಯಸ್ಸು ತೊಳೆಯೋಕೆ ಬಂದಿದ್ರೆ ಮೊದಲು ನನ್ನ ಮುಖ ತೊಳ್ಕೊಳ್ತಿರ್ಲಿಲ್ವೇನೇ?

ಇನ್ನು ಅವರು ಊದೋದು! ಊದಿ ಮುಗಿಸಿ, ಕೆಳಗಿನ ಕೀಲಿ ಒತ್ತಿ, ಕೊಳವೆಯೊಳಗೆ ಸೇರಿದ ಉಗುಳನ್ನ ತೊಟತೊಟ ಅಂತ ನಾನು ಆಗಷ್ಟೇ ಒರೆಸಿದ ನೆಲಕ್ಕೇ ಬಿಡೋದು. ಅಯ್ಯಪ್ಪಾ! ನಿನಗೂ ಕಲಿಸಿದ್ರಲ್ಲ. ತಂಗಿ, ಮುದ್ದಿನ ತಂಗಿ. ನಾನು ಬಾಗಿಲಲ್ಲಿ ಟೀ ಲೋಟ ಹಿಡ್ಕೊಂಡು... ಇಲ್ಲಮ್ಮಾ, ಹೊಟ್ಟೆಕಿಚ್ಚಲ್ಲ! ಅಸಹ್ಯ. ಬರೀ ಅಸಹ್ಯ. ಅವರು ತೀರಿಕೊಂಡು ವರ್ಷ ಆಯ್ತು, ಈ ಕೋಣೆಗೆ ಕಾಲೇ ಇಟ್ಟಿಲ್ಲ ನಾನು. ಹಾಕಿದ ಬೀಗ ಹಾಕಿದ ಹಾಗೇ.

ಏನು, ಗುಂಡಿ ಒತ್ತಿ ನೋಡ್ತೀಯಾ? ನೋಡು. ಎಲ್ಲಾ ಕಚ್ಕೊಂಡಿರುತ್ತೆ. ಊದದೆ ಬಿಟ್ರೆ ಹಾಗೇ ಅಂತ ಅವರೇ ಹೇಳ್ತಿದ್ರು. ನೋಡಿದ್ಯಾ, ಅಲ್ಲಾಡಲ್ಲ. ಅದೂ ಇಲ್ಲ... ಅದನ್ನ ಬಿಡು. ಆ ಚಿಕ್ಕ ತುತ್ತೂರಿ, ಆ ಕಾರ್ನೆಟ್ ಬಿಡೇ, ಹಾಗೇ ಪೆಟ್ಟಿಗೆಗೆ ಹಾಕು, ಅದರಲ್ಲೇನು ನೋಡೋದು... ಹೌದಾ? ಮೂರೂ ಗುಂಡಿ ಸಲೀಸಾಗಿ ಇಳೀತಾ? ಯಾರೋ ಒಳ್ಳೇ ಕೆಲಸಗಾರ ಮಾಡಿರ್ಬೇಕು. ಆ ಕಾಲದ್ದು, ಗಟ್ಟಿ...

ಕೆಳಗಿನ ಕೀಲಿ ಒತ್ಬೇಡ! ಪುಟ್ಟೀ...

ಅದು... ಆ ಹನಿ... ಬ್ಯಾಂಡಿನವನದೇ ಇರ್ಬೇಕು. ಒಳಗೆ ನಿಂತಿರುತ್ತೆ ಅಲ್ವೇ, ಕೊಳವೆ ಅಷ್ಟು ಸುತ್ತಿದೆ, ಎಲ್ಲಿ ಒಣಗುತ್ತೆ... ಏನೇ, ಹಾಗ್ಯಾಕೆ ನೋಡ್ತೀಯ? ಆಗ ಅಷ್ಟೊಂದು ನಗ್ತಿದ್ಯಲ್ಲ, ಈಗ ನಗು.

ನನ್ನ ತುಟಿ ನೋಡ್ಬೇಡ.

ಗಾಡಿಯವನು ಹಾರ್ನ್ ಹೊಡೀತಿದ್ದಾನೆ, ಕೇಳಿಸ್ತಾ? ಹೋಗು, ಉಳಿದದ್ದೆಲ್ಲ ಸಾಗಿಸು... ಅದನ್ನಲ್ಲ. ಒರೆಸೋಕೂ ಹೋಗ್ಬೇಡ, ಇಲ್ಲಿ ಕೊಡು. ಥೂ, ಇನ್ನೊಬ್ಬರ ಎಂಜಲು ನೀನ್ಯಾಕೆ ಮುಟ್ತೀಯ.